ಒಂಬತ್ತು ಬೆಂಡಿನ ಅಕ್ಕಾತಾಯಿ

ನೀರಿಗೂ ನಮ್ಮ ಅತ್ತೆಗೂ ನಡುವೆ ಯಾವಾಗಲೂ ಐದು ಮೆಟ್ಟಿಲು. ಬೇಸಿಗೆಯಲ್ಲಿ ಬಾವಿಯ ನೀರು ಇಳಿದರೆ ಅವರೂ ಇಳಿದು ಕೂರುವರು, ನೀರು ಏರಿದರೆ ಅವರೂ ಏರುವರು. ನಡುವಿನ ಆ ಐದು ಮೆಟ್ಟಿಲು ಮಾತ್ರ ಕಾಯಂ. ಕಚ್ಚೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬಲಗೈಗೆ ಹಗ್ಗವನ್ನು ಎರಡು ಸುತ್ತು ಸುತ್ತಿಕೊಂಡು ಕೂತರೆಂದರೆ ಹಗ್ಗದ ಇನ್ನೊಂದು ತುದಿಯಲ್ಲಿ ಮನೆಯ ಯಾವುದೋ ಮಗು ಅರಚುತ್ತಾ ನೀರು ಬಡಿಯುತ್ತಿದೆ ಎಂದೇ ಅರ್ಥ. "ಕೈ ಹೊಡಿ, ಕಾಲ ಬಡಿ, ಬಾಯಿ ಮುಚ್ಚ" ಎಂಬ ಮೂರು ಮಾತಿನಲ್ಲಿ ಅವರ ಈಜಿನ ಪಾಠ ಶುರುವಾಗಿ ಮುಗಿಯುತ್ತಿತ್ತು. ಮೂರನೆಯದನ್ನು ಅವರು ಮನೆಯೊಳಗೂ ಆಗಾಗ ಬಳಸುತ್ತಿದ್ದರು.

ಹೆಸರು ಅಕ್ಕಾತಾಯಿ. ಚಿಕ್ಕೋಡಿಯ ಏರಿನ ಮೇಲೆ ನಮ್ಮ ಮನೆ, ಇಳಿಜಾರಿನ ಕೆಳಗೆ ಹೊಲ, ಹೊಲದ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಮನೆಯಿಂದ ಹೊಲಕ್ಕೆ ಇಳಿಯಲು ಇಪ್ಪತ್ತು ನಿಮಿಷ ಬೇಕು. ವಾಪಸು ಹತ್ತಲು ಅತ್ತೆಗೆ ಅದೇ ಇಪ್ಪತ್ತು ನಿಮಿಷ, ನನಗೆ ನಲವತ್ತು. ಅವರ ಮಕ್ಕಳು, ಮೈದುನರ ಮಕ್ಕಳು, ಬಂದ ಸೊಸೆಯಂದಿರು, ಕೊಟ್ಟ ಹೆಣ್ಣುಮಕ್ಕಳು, ಎಲ್ಲರೂ ಈಜು ಕಲಿತದ್ದು ಆ ಬಾವಿಯಲ್ಲೇ. ಗಂಡುಮಕ್ಕಳ ಬಗ್ಗೆ ಅವರಿಗೆ ಅಷ್ಟು ಕಾಳಜಿ ಇರಲಿಲ್ಲ, ಅವು ಹೇಗೋ ಕಲಿಯುತ್ತವೆ ಎನ್ನುವರು. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಈ ಮನೆಯಿಂದ ಹೊರಗೆ ಹೋಗುವ ಹೆಣ್ಣು, ಈ ಮನೆಯೊಳಗೆ ಬರುವ ಹೆಣ್ಣು, ಯಾರೇ ಇರಲಿ, ನೀರಲ್ಲಿ ಬಿದ್ದರೆ ತೇಲಬೇಕು.

ಅವರ ಸಾಮಾನು ಎಂದರೆ ಒಂದು ಹಗ್ಗ ಮತ್ತು ಒಂಬತ್ತು ಬೆಂಡು. ಹೊಲದ ಬದುವಿನ ಕತ್ತಾಳಿ ಗಿಡದ ನಡುವೆ ಎದ್ದ ದಂಟು ಒಣಗಿದ ಮೇಲೆ ಅದನ್ನು ಗೇಣುದ್ದ ಕತ್ತರಿಸಿದರೆ ಬೆಂಡು ಆಯಿತು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಮೊದಲ ದಿನ ಒಂಬತ್ತನ್ನೂ ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿ ನೀರಿಗಿಳಿಸುವುದು. ಮೈ ನೀರಿಗೆ ಹೊಂದಿಕೊಂಡ ಹಾಗೆಲ್ಲ ದಿನಕ್ಕೆ ಒಂದೊಂದು ಬಿಚ್ಚುವುದು. ಬಿಚ್ಚಿದ್ದನ್ನು ಅತ್ತೆ ಕಲಿಯುವವರಿಗೆ ಹೇಳುತ್ತಿರಲಿಲ್ಲ. ಕೊನೆಗೆ ಒಂದು ದಿನ ಸೊಂಟ ಮುಟ್ಟಿಕೊಂಡು ನೋಡಿದರೆ ಬರೀ ದಾರ.

ನಾನು ಕುಡಚಿಯವಳು. ಮದುವೆಯಾಗಿ ಬಂದು ಮೂರು ದಿನವಾಗಿರಲಿಲ್ಲ, ಪಲ್ಯಕ್ಕೆ ಕಾಯಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತದೆ, "ಸುಜಾತಾ, ಈಸಾಕ ಬರತೈತೇನು?" ಎಂದು ಕೇಳಿದರು. ಬರುವುದಿಲ್ಲ ಎಂದೆ. ಆಗ ತಲೆ ಎತ್ತಿದರು. ಕೃಷ್ಣಾ ಹೊಳೆಯ ದಂಡೆಯಲ್ಲಿ ಹುಟ್ಟಿದ ಹುಡುಗಿಗೆ ಈಜು ಬರುವುದಿಲ್ಲ ಎಂಬುದು ಅಂದು ಸಂಜೆಯೊಳಗೆ ನಮ್ಮ ಓಣಿಗೆಲ್ಲ ಗೊತ್ತಾಯಿತು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹೊಳೆ ನಮ್ಮ ಅಂಗಳಕ್ಕೆ ಬಂದಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರು ದಾಟಿದ್ದರು. ಅಂದಿನಿಂದ ನನಗೆ ಬಕೆಟ್ಟಿನ ನೀರಿಗಿಂತ ಹೆಚ್ಚಿನ ನೀರು ಕಂಡರೆ ಅಂಜಿಕೆಯಾಗುತ್ತಿತ್ತು. ಇದನ್ನು ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡು, "ಅಂಜಿಕಿ ಇರಲಿ. ಅಂಜಿಕಿ ಇದ್ದವರ ಲಗೂ ಕಲೀತಾರ" ಎಂದರು.

ಆದರೆ ನಾನು ಕಲಿಯಲಿಲ್ಲ. ಹನ್ನೊಂದು ಬೇಸಿಗೆ ತಪ್ಪಿಸಿಕೊಂಡೆ. ಒಂದು ವರ್ಷ ಬಸುರಿ, ಒಂದು ವರ್ಷ ಬಾಣಂತಿ, ಅದು ನಿಜವೇ. ಉಳಿದ ವರ್ಷಗಳಲ್ಲಿ ನೆಗಡಿ, ತಲೆಶೂಲೆ, ಈಗಷ್ಟೇ ತಲೆಗೆ ಎರೆದುಕೊಂಡಿದ್ದೇನೆ, ಊಟವಾಗಿ ಇನ್ನೂ ಹೊತ್ತಾಗಿಲ್ಲ, ಇವತ್ತು ಗಾಳಿ ಬಹಳ. ನಾನು ಅಂಚೆ ಕಚೇರಿಯಲ್ಲಿ ಕೆಲಸಕ್ಕಿರುವುದರಿಂದ ನನಗೆ ಸಿಗುವುದು ಭಾನುವಾರ ಒಂದೇ, ಆ ಒಂದು ದಿನಕ್ಕೆ ಒಂದು ನೆಪ ಹುಡುಕುವುದು ಕಷ್ಟವೇನಲ್ಲ. ಅತ್ತೆ ಒತ್ತಾಯ ಮಾಡುತ್ತಿರಲಿಲ್ಲ. "ಹಂಗಾರ ಮುಂದಿನ ಐತವಾರ" ಎನ್ನುವರು. ಹನ್ನೊಂದು ವರ್ಷ ಹಾಗೆಯೇ ಅಂದರು, ಒಮ್ಮೆಯೂ ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಬಾವಿಯೊಂದನ್ನು ಬಿಟ್ಟರೆ ಉಳಿದೆಲ್ಲದಕ್ಕೂ ನಾನು ಅವರ ಹಿಂದೆ ಓಡುತ್ತಿದ್ದೆ. ನಮ್ಮ ಅತ್ತೆಗೆ ಮನೆ ಎಂದರೆ ಅಡುಗೆ ಮಾಡಿ ಡಬ್ಬಿಗೆ ತುಂಬುವ ಜಾಗ, ಅಷ್ಟೇ. "ಒಳಗ ಕುಂತ ಮಂದಿ ಒಬ್ಬರನೊಬ್ಬರು ತಿಂತಾರ, ಹೊರಗ ಬಂದರ ರೊಟ್ಟಿ ತಿಂತಾರ" ಎಂದು ಅವರೇ ಕಟ್ಟಿದ ಮಾತು. ಮನೆಯಲ್ಲಿ ಇಬ್ಬರಿಗೆ ಜಗಳ ಹತ್ತಿದರೆ ಸಾಕು, ಬುತ್ತಿ ಕಟ್ಟಲು ಶುರು ಮಾಡುವರು. ನಾನೂ ನನ್ನ ಗಂಡ ಮಹಾವೀರನೂ ಮಾತು ಬಿಟ್ಟಿದ್ದ ಒಂದು ವಾರ ನಾಲ್ಕು ಸಲ ಗುಡ್ಡ ಹತ್ತಿಸಿದರು. ನಾಲ್ಕನೆಯ ಸಲ ಏದುಸಿರಿನಲ್ಲಿ ನೀರು ಕೇಳಲು ನಾನೇ ಮೊದಲು ಬಾಯಿ ಬಿಡಬೇಕಾಯಿತು.

ಮುಂಗಾರು ಶುರುವಾಗುವ ಮಿರಗದ ಮಳೆಯ ಹೊತ್ತಿಗೆ ಮಳೆ ನೋಡಲು ಗುಡ್ಡ ಹತ್ತುವುದು ನಮ್ಮ ಮನೆಯ ಪದ್ಧತಿ. ಬೇರೆಯವರು ಮಳೆ ಬಂದರೆ ಒಳಗೆ ಓಡುತ್ತಾರೆ. ನಾವು ಮೋಡ ಕಟ್ಟಿದ ಕೂಡಲೇ ಮೇಲಕ್ಕೆ ಓಡುತ್ತಿದ್ದೆವು. ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತು ಪಡುವಣ ದಿಕ್ಕಿಗೆ ಕೈ ಮಾಡಿ ಅತ್ತೆ ಮಳೆ ಬರುವ ದಾರಿಯನ್ನು ಹೇಳುವರು: ಈಗ ನಿಪ್ಪಾಣಿಗೆ ಬಂತು, ಈಗ ಹಳ್ಳ ದಾಟಿತು, ಈಗ ನಮ್ಮ ಕಬ್ಬಿಗೆ ಬಂತು. ಹೊಲಕ್ಕೆ ಬಂತೆಂದರೆ ಎಲ್ಲರೂ ಇಳಿಜಾರಿನಲ್ಲಿ ಓಟ. ಮಳೆಗಿಂತ ಮೊದಲು ಮನೆ ಮುಟ್ಟಿದ ನೆನಪು ನನಗಿಲ್ಲ. ಪಂಚಮಿಗೆ ಹೊಲದ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದೆವು. ಅರವತ್ತು ದಾಟಿದ ಅತ್ತೆ ಅದರ ಮೇಲೆ ನಿಂತೇ ಜೀಕುವರು, ತುದಿಯ ಎಲೆಯನ್ನು ಬಾಯಿಯಿಂದ ಕಚ್ಚಿ ತಂದು ನಮಗೆ ತೋರಿಸುವರು. ಕೆಳಗೆ ನಿಂತ ಮಾವ ಮಾತ್ರ ಆ ಹೊತ್ತಿನಲ್ಲಿ ಬೇರೆ ಕಡೆ ನೋಡುತ್ತಿದ್ದರು.

ಥಂಡಿಯಲ್ಲಿ ಜೋಳ ಹಾಲುಗಾಳಾದಾಗ ಸೀತನಿ. ಹಸಿ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾದ ಹಿಂಡಿ, ಮೊಸರು ಹಚ್ಚಿಕೊಂಡು ತಿನ್ನುವುದು. ನಮ್ಮದು ಜೈನರ ಮನೆ. ಅತ್ತೆ ಪ್ರತಿ ತೆನೆಯನ್ನೂ ತಿರುಗಿಸಿ ತಿರುಗಿಸಿ ನೋಡಿ, ಒಂದು ಹುಳ ಕಂಡರೂ ಆ ತೆನೆಯನ್ನು ಬದುವಿನಾಚೆ ನೆರಳಿನಲ್ಲಿ ಇಟ್ಟು ಬರುವರು. ನಾವು ಹಸಿವಿನಿಂದ ಕೂಗುತ್ತಿದ್ದರೂ ಅವರ ತಪಾಸಣೆ ಮುಗಿಯದೆ ಬೆಂಕಿಗೆ ತೆನೆ ಬೀಳುತ್ತಿರಲಿಲ್ಲ. ಮತ್ತೆ ಹೊತ್ತು ಮುಳುಗುವ ಮೊದಲು ಊಟವೂ ಮುಗಿಯಬೇಕು. ಹೀಗಾಗಿ ನಮ್ಮ ಮನೆಯ ಹೊರಗಿನ ಊಟಗಳೆಲ್ಲ ಕೊನೆಯಲ್ಲಿ ಗಡಿಬಿಡಿಯಿಂದಲೇ ಮುಗಿಯುತ್ತಿದ್ದವು.

ನನ್ನ ಮಗಳು ಶ್ರುತಿ ಏಳು ತುಂಬಿದ ಬೇಸಿಗೆಯಲ್ಲಿ ಅವಳ ಸೊಂಟಕ್ಕೆ ಬೆಂಡು ಬಿತ್ತು. ನಾನು ದಂಡೆಯ ಮೇಲೆ ನಿಂತು ಸೆರಗು ಕಚ್ಚಿಕೊಂಡು ನೋಡಿದೆ. ಒಂಬತ್ತೇ ದಿನಕ್ಕೆ ಆ ಹುಡುಗಿ ಬರಿಯ ದಾರದಲ್ಲಿ ಈಜಿದಳು. ಹತ್ತನೆಯ ದಿನ ದಂಡೆಯ ಕಲ್ಲಿನಿಂದ ಜಿಗಿದಳು. ಮೇಲೆ ಬಂದು ಕೂದಲ ನೀರು ಒರೆಸಿಕೊಳ್ಳುತ್ತಾ ಅಜ್ಜಿಗೆ, "ಆಯಿ, ಈಗ ನೀ ಜಿಗಿ" ಎಂದಳು.

ಅತ್ತೆ ನಕ್ಕು, ಇವತ್ತು ತಲೆಗೆ ಎರೆದುಕೊಂಡಿದ್ದೇನೆ ಎಂದರು. ಮರುದಿನ ಮತ್ತೆ ಕೇಳಿದಳು. ನೆಗಡಿ ಆಗಿದೆ ಎಂದರು. ಅದರ ಮರುದಿನ ಗಾಳಿ ಬಹಳ ಎಂದರು. ಮಗು ನಂಬಿತು. ನಾನು ದಂಡೆಯ ಮೇಲೆ ನಿಂತವಳು ಹಾಗೆಯೇ ನಿಂತುಬಿಟ್ಟೆ. ಆ ನೆಪಗಳು ನನ್ನವು. ಹನ್ನೊಂದು ವರ್ಷ ಬಳಸಿ ಸವೆಸಿದವು. ಅತ್ತೆ ಅವನ್ನು ಒಂದೊಂದಾಗಿ ಸ್ವಂತದ್ದೆಂಬಂತೆ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕಾಲು ನೀರಿನಲ್ಲಿ ನೆನೆದದ್ದನ್ನು ನಾನಾಗಲಿ, ಮನೆಯ ಬೇರೆ ಯಾರಾಗಲಿ ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು.

ಶ್ರುತಿಯನ್ನು ಮುಂದೆ ಕಳಿಸಿ, ಏರಿನ ದಾರಿಯಲ್ಲಿ ಕೇಳಿದೆ. ನಿಮಗೆ ಈಜು ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹುಣಸೆ ಮರದ ಕೆಳಗೆ ನಿಂತು ಹೇಳಿದರು. ಅವರ ತವರು ರಾಯಬಾಗ ಕಡೆಯ ಹಳ್ಳಿ. ಅವರಿಗೆ ಒಂಬತ್ತು ವರ್ಷ, ಅಕ್ಕ ಚಂಪಾಗೆ ಹನ್ನೆರಡು. ಇಬ್ಬರೂ ಊರ ಬಾವಿಗೆ ನೀರಿಗೆ ಹೋಗಿದ್ದರು. ಅಕ್ಕ ಕೊಡ ಮುಳುಗಿಸಲು ಬಾಗಿದವಳು ಪಾಚಿಯ ಮೇಲೆ ಜಾರಿದಳು.

"ನಾ ಐದ ಪಾವಟಗಿ ಮ್ಯಾಲ ನಿಂತಿದ್ನಿ. ಕೊಡದ ಹಗ್ಗ ನನ್ನ ಕೈಯಾಗ ಇತ್ತ. ಒಗದ್ನಿ. ಹಗ್ಗ ಆಕಿ ಕೈಗಿ ಹತ್ತಿತ್ತ, ಆದರ ಆಕಿಗಿ ಹಿಡಿಯಾಕ ಬರಲಿಲ್ಲ. ಅಂಜಿ ಬರೇ ನೀರ ಬಡೀತಿದ್ಳು. ಇಳದ ಹಿಡಕೋಬೇಕಂದ್ರ ನನಗೂ ಬರ್ತಿದ್ದಿಲ್ಲ."

ಕೆಲವು ಹೆಜ್ಜೆ ಹೋದ ಮೇಲೆ ಮತ್ತೆ ಹೇಳಿದರು: "ಅದಕ್ಕ ನಾ ಹಗ್ಗಾ ಕೈಗಿ ಒಗ್ಯೂದಿಲ್ಲ, ಮೊದಲ ನಡಕ್ಕ ಕಟ್ಟತೀನಿ."

ನೀರಿನ ಅಂಜಿಕೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ನನ್ನದನ್ನು ಅಪ್ಪ ಹೆಗಲ ಮೇಲೆ ಹೊತ್ತು ದಾಟಿಸಿದ್ದರು. ಇವರದನ್ನು ಯಾರೂ ಹೊತ್ತಿರಲಿಲ್ಲ. ಆ ಅಂಜಿಕೆಯನ್ನು ಇಟ್ಟುಕೊಂಡೇ ಪ್ರತಿ ಬೇಸಿಗೆ ಬಾವಿಗೆ ಇಳಿದು, ಐದು ಮೆಟ್ಟಿಲು ಮೇಲೆ ಕೂತು, ಮನೆ ತುಂಬ ಜನರನ್ನು ತೇಲಿಸಿದ್ದರು. ನಾನು ರಸ್ತೆಯ ಮೇಲೆಯೇ ಅತ್ತುಬಿಟ್ಟೆ. ಅತ್ತೆ ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯ ಗಂಟನ್ನು ತಾವೇ ತೆಗೆದುಕೊಂಡು, ಲಗು ನಡೆ, ಹೊತ್ತು ಮುಳುಗಿದರೆ ಊಟ ತಪ್ಪುತ್ತದೆ ಎಂದರು.

ಮುಂದಿನ ಭಾನುವಾರ ನಾನೇ ಬೆಂಡು ಕಟ್ಟಿಕೊಂಡೆ. ಒಂದು ಕರಾರು ಹಾಕಿದೆ: ನನ್ನ ಪಾಠ ಮುಗಿದ ಮೇಲೆ ಹಗ್ಗ ನನ್ನ ಕೈಗೆ ಬರಬೇಕು, ನೀರಿಗೆ ಅವರು ಇಳಿಯಬೇಕು. ಮೊದಲು ನೀನು ಕಲಿ, ಆಮೇಲೆ ನೋಡೋಣ ಎಂದರು. ರಜೆ ಹಾಕಿಯೂ ನನಗೆ ಇಡೀ ಬೇಸಿಗೆ ಹಿಡಿಯಿತು. ಶ್ರುತಿ ಪಕ್ಕದಲ್ಲಿ ಮೀನಿನಂತೆ ಸುತ್ತುತ್ತಾ ನನಗೆ ಬುದ್ಧಿ ಹೇಳುತ್ತಿದ್ದಳು. ಕೊನೆಗೆ ಕಲಿತೆ, ಆದರೆ ಮೆಟ್ಟಿಲು ಹಿಡಿದು ಮೆಲ್ಲನೆ ಇಳಿದು ಈಜುವ ಈಜು. ದಂಡೆಯಿಂದ ಜಿಗಿ ಎಂದರೆ ನನ್ನ ಕಾಲು ಕಲ್ಲಿಗೆ ಅಂಟಿಕೊಳ್ಳುತ್ತಿದ್ದವು. ಜಿಗಿಯದವಳು ಪೂರಾ ಕಲಿತವಳಲ್ಲ ಎಂದು ಅತ್ತೆ ಆ ವರ್ಷ ಕರಾರು ಮುಂದೂಡಿದರು. ಅವರ ಮುಖದಲ್ಲಿ ಗೆದ್ದ ಸಂತೋಷ ಎದ್ದು ಕಾಣುತ್ತಿತ್ತು.

ಮರು ಬೇಸಿಗೆ ಯುಗಾದಿ ಮುಗಿದ ಮೊದಲ ಭಾನುವಾರ ಅವರನ್ನು ಬಿಡಲಿಲ್ಲ. ಎಪ್ಪತ್ತರ ಹೆಂಗಸು ಬಾವಿಗೆ ಇಳಿಯುತ್ತಾಳೆಂದು ತಿಳಿದು ಮಾವ ಕಬ್ಬಿನ ಕಡೆ ನಡೆದುಬಿಟ್ಟರು. ಮಹಾವೀರ, "ಅವ್ವಾ, ಹುಚ್ಚ ಹಿಡದೈತೇನು ಇಬ್ಬರಿಗೂ" ಎಂದ. ಅತ್ತೆ ಅವನಿಗೂ ಮೂರನೆಯ ಪಾಠವನ್ನೇ ಹೇಳಿದರು. ಒಂಬತ್ತು ಬೆಂಡನ್ನು ನಾನೇ ಅವರ ಸೊಂಟಕ್ಕೆ ಕಟ್ಟಿದೆ, ಹಗ್ಗದ ಗಂಟನ್ನು ಎರಡು ಸಲ ಜಗ್ಗಿ ನೋಡಿದೆ. ಅತ್ತೆ ಮೆಟ್ಟಿಲು ಎಣಿಸುತ್ತಾ ಇಳಿದರು. ಐದು, ನಾಲ್ಕು, ಮೂರು. ಕೊನೆಯ ಮೆಟ್ಟಿಲಲ್ಲಿ ನೀರು ಪಾದಕ್ಕೆ ತಾಕಿದಾಗ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ತುಟಿ ಅಲುಗುತ್ತಿತ್ತು. ಆಮೇಲೆ ಕೈ ಬಿಟ್ಟರು.

ಬಿಟ್ಟ ಕೂಡಲೇ ಅವರ ಸೊಂಟ ಮೇಲಕ್ಕೆದ್ದು, ಮುಖ ನೀರೊಳಗೆ ಹೋಯಿತು. ಕಾಲುಗಳೆರಡೂ ಗಾಳಿಯಲ್ಲಿ. ಒಂಬತ್ತು ಬೆಂಡಿಗೆ ಯಾರೂ ಹಾಗೆ ತಲೆಕೆಳಗಾದದ್ದಿಲ್ಲ. ಹಗ್ಗ ಜಗ್ಗಿದೆ. ಜಗ್ಗಿದಷ್ಟೂ ಸೊಂಟವೇ ಏಳುತ್ತಿತ್ತು, ತಲೆ ಏಳಲಿಲ್ಲ. ನನ್ನ ಕೈಯಲ್ಲಿ ಹಗ್ಗ, ನೀರಲ್ಲಿ ಅವರು. ಆಗ ನಾನೇನು ಯೋಚಿಸಿದೆನೋ ನನಗೆ ಗೊತ್ತಿಲ್ಲ. ಹಗ್ಗ ಬಿಟ್ಟು ಐದನೆಯ ಮೆಟ್ಟಿಲಿನಿಂದಲೇ ಹಾರಿದೆ. ಅವರ ಕಂಕುಳಲ್ಲಿ ಕೈ ಹಾಕಿ ಮುಖ ಮೇಲೆತ್ತಿ ಮೆಟ್ಟಿಲಿಗೆ ಎಳೆದು ತಂದೆ. ಕೆಮ್ಮಿದರು, ನೀರು ಉಗುಳಿದರು, ಮೂಗು ಒರೆಸಿಕೊಂಡರು. ನಾನು ಅವರ ಬಾಯಿಂದ ಏನು ಬರುತ್ತದೋ ಎಂದು ಕಾದೆ.

"ನೀ ಜಿಗದಿ" ಎಂದರು.

ಆಮೇಲೆ ಅವರ ಕಚ್ಚೆಯ ನೆರಿಗೆ ಬಿಚ್ಚಿ ನೋಡಿದರೆ ಒಳಗೆ ಇನ್ನೂ ಒಂಬತ್ತು ಬೆಂಡು. ಹಿಂದಿನ ದಿನ ತಾವೊಬ್ಬರೇ ಕುಡಗೋಲು ಹಿಡಿದು ಕತ್ತಾಳಿ ಕತ್ತರಿಸಿ, ಯಾರಿಗೂ ಹೇಳದೆ ಹಿಂದೆ ಕಚ್ಚೆಯೊಳಗೆ ಕಟ್ಟಿಕೊಂಡು ಬಂದಿದ್ದರು. ಹೆಚ್ಚು ಬೆಂಡು ಕಟ್ಟಿದರೆ ತಲೆ ಮುಳುಗುತ್ತದೆ ಎಂದು ಮನೆಯ ಎಲ್ಲ ಮಕ್ಕಳಿಗೂ ಬೈದು ಹೇಳಿಕೊಟ್ಟವರು ಅವರೇ. ನನಗೆ ಸಿಟ್ಟು ಬಂತು, ಬಾಯಿಗೆ ಬಂದದ್ದು ಅಂದೆ. ಸೊಸೆ ಅತ್ತೆಗೆ ಅನ್ನಬಾರದ್ದನ್ನೆಲ್ಲ ಅಂದೆ. ಅವರು ತಪ್ಪು ಮಾಡಿದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡರು. "ಒಂಬತ್ತು ಸಾಲೂದಿಲ್ಲ ಅನಿಸಿತ್ತ ಯವ್ವಾ" ಎಂದಷ್ಟೇ ಹೇಳಿದರು. ಇಬ್ಬರಿಗೂ ಯಾವಾಗ ನಗು ಹತ್ತಿತೋ ತಿಳಿಯದು. ಕಬ್ಬಿನಿಂದ ಓಡಿ ಬಂದ ಮಾವ ದಂಡೆಯ ಮೇಲೆ ನಿಂತು, ಒದ್ದೆಯಾಗಿ ಕೂತು ನಗುತ್ತಿದ್ದ ನಮ್ಮನ್ನು ಕಂಡು ಮತ್ತೆ ಕಬ್ಬಿನೊಳಗೆ ಹೋದರು.

ಅಂದಿನಿಂದ ಭಾನುವಾರಗಳು ಅವರವು. ಕಳ್ಳ ಬೆಂಡು ಇದೆಯೇ ಎಂದು ನಾನು ಮೊದಲು ಸೊಂಟ ತಡವಿ ನೋಡುವುದು, ಅವರು ಬೈಯುವುದು, ಆಮೇಲೆ ಇಳಿಯುವುದು. ನಾನು ಮೆಟ್ಟಿಲ ಮೇಲೆ ಕೂರದೆ ಅವರ ಜೊತೆಗೇ ನೀರಿನಲ್ಲಿ ಇರುತ್ತಿದ್ದೆ. ಹಗ್ಗ ಶ್ರುತಿಯ ಕೈಗೆ ಬಂತು. ಅವಳು ಆಯಿಗೆ ಆಯಿಯ ಮೂರು ಮಾತನ್ನೇ ಗಟ್ಟಿಯಾಗಿ ಕೂಗುವಳು. ಕೆಲವು ಭಾನುವಾರ ಅತ್ತೆ ಒಂದನ್ನೂ ಬಿಚ್ಚಲು ಒಪ್ಪುತ್ತಿರಲಿಲ್ಲ. ಅವರಿಗೆ ಹೇಳದೆ ಬಿಚ್ಚುವುದು ಸಾಧ್ಯವೇ ಇರಲಿಲ್ಲ, ಆ ಉಪಾಯ ಕಂಡುಹಿಡಿದವರೇ ಅವರಾದ್ದರಿಂದ ನೀರಿನಲ್ಲೇ ಬೆಂಡು ಎಣಿಸಿಕೊಳ್ಳುತ್ತಿದ್ದರು. ಎಂಟಾಯಿತು, ಏಳಾಯಿತು. ಆರರಲ್ಲಿ ಮೂರು ವಾರ ನಿಂತರು. ನಾಲ್ಕಕ್ಕೆ ಬರುವ ಹೊತ್ತಿಗೆ ಬಾವಿಯ ಆಚೆಯ ಗೋಡೆ ಮುಟ್ಟಿ ತಿರುಗಿ ಬಂದರು. ಮೆಟ್ಟಿಲು ಹಿಡಿದುಕೊಂಡು ಆಚೆಯ ಗೋಡೆಯನ್ನೇ ನೋಡುತ್ತಿದ್ದರು. "ಇಷ್ಟ ದೂರ ಇತ್ತ ನೋಡ" ಎಂದರು. ಯಾವ ದೂರವೆಂದು ನಾನು ಕೇಳಲಿಲ್ಲ.

ಆ ವಾರವೇ ಮಿರಗ ಹಿಡಿಯಿತು. ಕೆಂಪು ನೀರು ನುಗ್ಗಿ ಬಾವಿ ರಾಡಿಯಾಯಿತು. ಉಳಿದ ನಾಲ್ಕನ್ನು ಮುಂದಿನ ಬೇಸಿಗೆಗೆ ಬಿಚ್ಚೋಣ ಎಂದು ಬಾವಿಯ ಪಕ್ಕದ ಹೊಲದ ಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ. ಮಳೆ ನೋಡಲು ಅತ್ತೆ ಗುಡ್ಡ ಹತ್ತಿದರು. ಪಂಚಮಿಗೆ ಜೋಕಾಲಿ ಹತ್ತಿದರು, ಎಲೆ ತರಲಿಲ್ಲ. ದೀಪಾವಳಿ ಕಳೆದ ಮೇಲೆ ಏರು ಹತ್ತುವಾಗ ಹುಣಸೆ ಮರದ ಕೆಳಗೆ ಕೂತುಬಿಟ್ಟರು. ಹೃದಯ ದುರ್ಬಲವಾಗಿದೆ, ಮೆಟ್ಟಿಲು ಕೂಡ ಹತ್ತಿಸಬೇಡಿ ಎಂದರು ಡಾಕ್ಟರು. ಹೊರಗಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಅವರ ಮಂಚ ಬಂತು. ಅಲ್ಲಿಂದ ಗುಡ್ಡ ಕಾಣುತ್ತದೆ, ಹೊಲ ಕಾಣುವುದಿಲ್ಲ.

ಸೀತನಿಯ ಭಾನುವಾರ ಅವರನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಹೋಗಲೇಬೇಕೆಂದು ಹಟ ಹಿಡಿದವರು ಅವರೇ. ಮೊದಲ ತೆನೆಗಳನ್ನು ಸುಟ್ಟು, ಬಟ್ಟೆಯಲ್ಲಿ ಸುತ್ತಿ, ಬಿಸಿ ಆರುವ ಮೊದಲು ಏರು ಹತ್ತಿ ತಂದೆ. ಇಪ್ಪತ್ತೇ ನಿಮಿಷಕ್ಕೆ ಹತ್ತಿದೆ. ಅವರು ತಿನ್ನುವ ಮೊದಲು ತೆನೆಗಳನ್ನು ನೋಡಿದೆಯಾ ಎಂದು ಕೇಳಿದರು. ಎಲ್ಲವನ್ನೂ ತಿರುಗಿಸಿ ನೋಡಿದೆ, ಎರಡನ್ನು ನೆರಳಿಗೆ ಇಟ್ಟು ಬಂದೆ ಎಂದೆ. ಸಮಾಧಾನವಾಯಿತು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಬಾಂವ್ಯಾಗ ನೀರ ತಿಳಿ ಆಗೇತೇನು?"

"ಆಗೇತ್ರಿ ಅತ್ತೀ."

"ಬೆಂಡ?"

"ಮೊಳಿಗಿ ಅದಾವ್ರಿ. ನಾಕ ಉಳದಾವು."

ಬೆರಳು ಮಡಿಚಿ ಎಣಿಸಿದರು. "ಒಂಬತ್ತರಾಗ ಐದ ಬಿಚ್ಚೇವಿ. ಅರ್ಧಕ್ಕಿಂತ ಹೆಚ್ಚ ಆತಲ್ಲ" ಎಂದರು. ಕಿಟಕಿಯ ಹೊರಗೆ ನೋಡಿದರು. "ಇಷ್ಟ ಹೇಳಿದರೂ ನಮ್ಮಕ್ಕ ನಂಬೂದಿಲ್ಲ ನೋಡ."

ಅದಾದ ಎಂಟನೆಯ ದಿನ ಬೆಳಿಗ್ಗೆ ಹೋದರು. ನಾನು ಅಂಚೆ ಕಚೇರಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

ಈ ಬೇಸಿಗೆ ನಾದಿನಿಯ ಮಗಳು ಕಲಿಯಲು ಬಂದಿದ್ದಾಳೆ. ಆರು ವರ್ಷ, ಬಾಯಿ ಮುಚ್ಚುವುದೇ ಇಲ್ಲ. ಹೊಸದಾಗಿ ಒಂಬತ್ತು ಬೆಂಡು ಬೇಕೆಂದು ಮಹಾವೀರನಿಗೆ ಹೇಳಿದೆ. ಮೊಳೆಗೆ ನಾಲ್ಕು ಇವೆಯಲ್ಲ, ಐದು ಕತ್ತರಿಸಿದರೆ ಸಾಕಲ್ಲ ಎಂದ.

"ಅವು ಅವ್ವನ್ವು" ಎಂದೆ. "ಅವರ ಪಾಠ ಇನ್ನೂ ಮುಗದಿಲ್ಲ."

ಅವನು ಬಾಗಿಲ ಹಿಂದೆ ಒಮ್ಮೆ ನೋಡಿದ. ಆಮೇಲೆ ಕುಡಗೋಲು ತೆಗೆದುಕೊಂಡು ಕತ್ತಾಳಿಯ ಬದುವಿನ ಕಡೆ ನಡೆದ.